ಅಂಕಿತವಿಲ್ಲದ ನಾದ
(ಬ್ರೆಜಿಲಿನ ಗಿಟಾರು ಕೃತಿಗಳನ್ನು ಕುರಿತು)

ನಮ್ಮ ಹರಿದಾಸರು ತಾವು ಹಾಡಿದ ಪದಗಳ ಕೊನೆಯಲ್ಲಿ ಅಂಕಿತವನ್ನಿಟ್ಟರು. ಆ ಪದಗಳು ಬಾಯಿಂದ ಬಾಯಿಗೆ ಸಾಗಿ ಬರುವಾಗ ರಾಗವು ಮಾರ್ಪಟ್ಟಿರಬಹುದು, ತಾಳವು ಮಾರ್ಪಟ್ಟಿರಬಹುದು, ಅಲ್ಲೊಂದು ಇಲ್ಲೊಂದು ಮಾತು ಕೂಡ ಬೇರೆಯಾಗಿರಬಹುದು. ಆದರೆ ಹಾಡುವವನು ಯಾರೇ ಆಗಲಿ, ಪುರಂದರವಿಠಲನನ್ನೋ ಕಾಗಿನೆಲೆಯಾದಿಕೇಶವನನ್ನೋ ನೆನೆಯದೆ ಹಾಡನ್ನು ಮುಗಿಸಲಾರನು. ಅಂಕಿತವು ದೇವರ ಹೆಸರೇ ಆದರೂ ಕರ್ತೃವಿನ ಗುರುತನ್ನು ಕಾಯ್ದುಕೊಂಡು ಬಂದದ್ದೂ ಅದೇ. ಮಾತುಳ್ಳ ಹಾಡಿಗೆ ಇರುವ ಈ ಭಾಗ್ಯವು ಮಾತಿಲ್ಲದ ವಾದ್ಯಸಂಗೀತಕ್ಕೆ ಇಲ್ಲ. ತಂತಿಯ ಮೇಲೆ ಹುಟ್ಟಿ ತಂತಿಯ ಮೇಲೆಯೇ ಅಡಗುವ ನಾದದಲ್ಲಿ ಹೆಸರನ್ನು ಎಲ್ಲಿ ಇಡುವುದು? ಕೈಯಿಂದ ಕೈಗೆ ಸಾಗುವ ಅಂತಹ ಸಂಗೀತದಲ್ಲಿ ಕರ್ತೃವಿನ ಗತಿಯೇನು? ಈ ಪ್ರಶ್ನೆಯನ್ನು ಬ್ರೆಜಿಲ್ ದೇಶದ ಗಿಟಾರು ಕೃತಿಗಳಷ್ಟು ಸ್ಪಷ್ಟವಾಗಿ ನಮ್ಮ ಮುಂದೆ ಇಡುವ ಸಂಗೀತವು ಅಪರೂಪ.

ಇಂದು ಲೋಕದ ಯಾವ ಮೂಲೆಯಲ್ಲಿಯೇ ಆಗಲಿ, ಪಾಶ್ಚಾತ್ಯ ಶಾಸ್ತ್ರೀಯ ಪದ್ಧತಿಯಲ್ಲಿ ಗಿಟಾರನ್ನು ಕಲಿಯುವವರು ಈ ಕೃತಿಗಳನ್ನು ಕಲಿಯದೆ ಮುಂದುವರಿಯುವುದಿಲ್ಲ. ನಮ್ಮ ಬೆಂಗಳೂರಿನಂತಹ ನಗರಗಳಲ್ಲಿಯೂ ಅಂತಹ ವಿದ್ಯಾರ್ಥಿಗಳು ಇದ್ದಾರೆ. ಇವರು ಕಲಿಯುವ ಕ್ರಮವನ್ನು ನೋಡಿದರೆ, ಗುರುವಿನಿಂದ ಕಲಿತದ್ದು ಎಷ್ಟೋ ಅಷ್ಟೇ ಒಡನಾಡಿಗಳಿಂದ ಕಲಿತದ್ದು. ಒಬ್ಬನು ತನ್ನಲ್ಲಿರುವ ಸ್ವರಲಿಪಿಯ ಹಾಳೆಯನ್ನು ಇನ್ನೊಬ್ಬನಿಗೆ ಕೊಡುತ್ತಾನೆ. ಆತನು ಅದರಲ್ಲಿ ಬೆರಳುಗಳ ಗುರುತನ್ನು ತಿದ್ದಿ ಮೂರನೆಯವನಿಗೆ ದಾಟಿಸುತ್ತಾನೆ. ಮೂರನೆಯವನು ಅದನ್ನು ನುಡಿಸಿ ತೋರಿಸಿದಾಗ ಮೊದಲಿನವನಿಗೇ ಹೊಸದೊಂದು ಹೊಳೆಯುತ್ತದೆ. ಈ ಕೊಡುಕೊಳೆಯು ಬ್ರೆಜಿಲಿನ ಗಿಟಾರು ಸಂಗೀತದ ಪ್ರಾಣವೇ ಆಗಿದೆ ಎಂಬುದನ್ನು ನಾವು ಒಪ್ಪುತ್ತೇವೆ. ಆದರೆ ಹೆಸರನ್ನು ಬಿಟ್ಟು ನಡೆಯುವ ಕೊಡುಕೊಳೆಯಿಂದ ತೀರಿಹೋದ ಕರ್ತೃವಿಗೆ ಮಾತ್ರವಲ್ಲ, ಸಂಗೀತಕ್ಕೂ ನಷ್ಟವಿದೆ ಎಂಬುದೇ ಪ್ರಕೃತ ಲೇಖನದ ವಾದ.

ಈ ಸಂಗೀತದ ಹುಟ್ಟೇ ಕೂಟದಲ್ಲಿ. ೧೮೭೦ರ ಸುಮಾರಿಗೆ ರಿಯೊ ಡಿ ಜನೈರೊ ನಗರದಲ್ಲಿ ಕೊಳಲು, ಕವಾಕಿನ್ಯೊ ಎಂಬ ನಾಲ್ಕು ತಂತಿಯ ಕಿರುವಾದ್ಯ, ಗಿಟಾರು ಇವುಗಳನ್ನು ಹಿಡಿದು ಮನೆಯ ಅಂಗಳಗಳಲ್ಲಿ ಕಲೆಯುತ್ತಿದ್ದ ವಾದಕರು ಯೂರೋಪಿನಿಂದ ಬಂದ ಪೋಲ್ಕ, ವಾಲ್ಟ್ಸ್ ಮೊದಲಾದ ನೃತ್ಯಗಳನ್ನು ತಮ್ಮದೇ ಆದ ನಡೆಯಲ್ಲಿ ನುಡಿಸತೊಡಗಿದರು. ಆಫ್ರಿಕದಿಂದ ಗುಲಾಮರಾಗಿ ಬಂದವರ ಸಂತತಿಯ ಲಯಜ್ಞಾನವು ಆ ನಡೆಯಲ್ಲಿ ಸೇರಿತ್ತು. ಹೀಗೆ ಹುಟ್ಟಿದ್ದಕ್ಕೆ ‘ಶೋರೊ’ ಎಂದು ಹೆಸರಾಯಿತು. ಆ ಶಬ್ದಕ್ಕೆ ಅಳು ಎಂಬ ಅರ್ಥವೂ ಉಂಟು. ಕೊಳಲುವಾದಕನಾದ ಜೊಅಕಿಂ ಕಲ್ಯಾಡೊ (೧೮೪೮–೧೮೮೦) ಇದರ ಆದ್ಯರಲ್ಲೊಬ್ಬನು. ವಾದಕರು ಮೇಜಿನ ಸುತ್ತ ಕುಳಿತು ನುಡಿಸುವ ಕೂಟಕ್ಕೆ ‘ರೋಡ’, ಅಂದರೆ ಚಕ್ರ, ಎಂದು ಹೆಸರು. ಹೊಸಬನು ಆ ಚಕ್ರದ ಅಂಚಿನಲ್ಲಿ ಕುಳಿತು, ಕೇಳಿ, ಕೈಗಳನ್ನು ನೋಡಿ, ಧೈರ್ಯ ಬಂದಾಗ ಒಳಗೆ ಸೇರುವನು. ಗ್ರಂಥಕ್ಕಿಂತ ಸಹವಾಸವೇ ಅಲ್ಲಿ ಗುರು.

ಶೋರೊವಿನ ನಡೆಯನ್ನು ಕಾಗದದ ಮೇಲೆ ಬರೆಯುವುದು ಸುಲಭ. ಬರೆದದ್ದನ್ನು ನಂಬಿ ನುಡಿಸುವುದು ಮಾತ್ರ ಅಪಾಯ. ಎರಡೆಣಿಕೆಯ ತಾಳ; ಒಂದೊಂದು ಎಣಿಕೆಯನ್ನೂ ನಾಲ್ಕು ಸಮಭಾಗಮಾಡಿ, ಮೊದಲನೆಯ, ಎರಡನೆಯ, ನಾಲ್ಕನೆಯ ಭಾಗಗಳಲ್ಲಿ ತಂತಿಯನ್ನು ಮೀಟಿದರೆ, ಒಂದು, ಎರಡು, ಒಂದು ಎಂಬ ಅಳತೆಯ ಮೂರು ಸ್ವರಗಳಾಗುವುವು. ಸ್ವರಲಿಪಿಯು ಹೇಳಬಲ್ಲುದು ಇಷ್ಟೇ. ಆದರೆ ಚಕ್ರದಲ್ಲಿ ಕುಳಿತ ವಾದಕನು ಆ ಭಾಗಗಳನ್ನು ಗಡಿಯಾರದಂತೆ ಸಮವಾಗಿ ಇಡುವುದಿಲ್ಲ. ನಡುವಿನ ಸ್ವರವು ಕೊಂಚ ಆಲಸ್ಯದಿಂದ ಬರುತ್ತದೆ. ಕೆಳಗೆ ಹೆಬ್ಬೆರಳು ಮಾತ್ರ ಮಂದ್ರದ ತಂತಿಗಳ ಮೇಲೆ ತನ್ನ ಹೆಜ್ಜೆಯನ್ನು ತಪ್ಪದೆ ಹಾಕುತ್ತಿರುತ್ತದೆ. ಈ ಎರಡರ ನಡುವಣ ಜಗ್ಗಾಟದಲ್ಲಿಯೇ ರಸವಿರುವುದು. ಇದನ್ನು ಕಿವಿಯಿಂದಲ್ಲದೆ ಕಣ್ಣಿನಿಂದ ಕಲಿಯಲಾಗದು. ಆದುದರಿಂದಲೇ ಜೊತೆಗಾರರ ಸಂಗವು ಇಲ್ಲಿ ಅನಿವಾರ್ಯವಾದುದು.

ಕೂಟದಲ್ಲಿ ಹುಟ್ಟಿದ್ದಕ್ಕೆ ಕೂಟದ ಮರ್ಯಾದೆಯೇನೋ ಸಿಕ್ಕಿತು. ನಗರದ ಮರ್ಯಾದೆ ಸಿಕ್ಕಲಿಲ್ಲ. ಆ ಕಾಲದ ರಿಯೊ ನಗರದ ಸಭ್ಯಸಮಾಜದಲ್ಲಿ ಪಿಯಾನೊ ಇದ್ದ ಮನೆಯೇ ಮನೆ. ಗಿಟಾರು ಅಲೆಮಾರಿಗಳ, ರಾತ್ರಿಯ ಬೀದಿಯಲ್ಲಿ ಹಾಡುವವರ ವಾದ್ಯ. ಲೀಮ ಬರ‍್ರೆಟೊ ಎಂಬ ಕಾದಂಬರಿಕಾರನು ೧೯೧೧ರಲ್ಲಿ ಪತ್ರಿಕೆಯೊಂದರಲ್ಲಿ ಬಿಡಿಬಿಡಿಯಾಗಿ ಪ್ರಕಟಿಸಿ, ೧೯೧೫ರಲ್ಲಿ ಪುಸ್ತಕರೂಪದಲ್ಲಿ ತಂದ ‘ಪೊಲಿಕಾರ್ಪೊ ಕ್ವರೆಸ್ಮನ ದುಃಖದ ಅಂತ್ಯ’ ಎಂಬ ಕಾದಂಬರಿಯು ಈ ಮನೋಭಾವವನ್ನು ಚೆನ್ನಾಗಿ ತೋರಿಸುತ್ತದೆ. ಅದರ ನಾಯಕನು ನಿಯಮಬದ್ಧನಾದ ಸರಕಾರಿ ನೌಕರ, ದೇಶಾಭಿಮಾನಿ. ಆತನು ತನ್ನ ದೇಶದ ಸಂಗೀತವೆಂದು ಗಿಟಾರು ಪಾಠಕ್ಕೆ ಕುಳಿತುದೇ ತಡ, ನೆರೆಹೊರೆಯವರು ಮೂಗಿನ ಮೇಲೆ ಬೆರಳಿಡುತ್ತಾರೆ. ಯಾವ ವಾದ್ಯವನ್ನು ಮನೆಯೊಳಗೆ ತರುವುದೇ ನಾಚಿಕೆಯೋ, ಅದನ್ನು ನುಡಿಸುವವನ ಹೆಸರನ್ನು ಬರೆದಿಡುವ ಗೊಡವೆ ಯಾರಿಗೆ?

ಆ ಗೊಡವೆಯಿಲ್ಲದ ಕಾಲದಲ್ಲಿ ಬಾಳಿದವನು ಜ್ವಾಂವ್ ಪೆರ್ನಂಬುಕೊ (೧೮೮೩–೧೯೪೭). ಆತನ ನಿಜನಾಮ ಜ್ವಾಂವ್ ಟೆಶೇರ ಗಿಮರಾಯಿನ್ಸ್. ಈಶಾನ್ಯದ ಪೆರ್ನಂಬುಕೊ ಪ್ರಾಂತದಿಂದ ಬಂದವನಾದುದರಿಂದ ರಿಯೊ ನಗರದಲ್ಲಿ ಊರಿನ ಹೆಸರೇ ಆತನಿಗೆ ಅಂಟಿಕೊಂಡಿತು. ಕಮ್ಮಾರಿಕೆಯನ್ನು ಮಾಡಿದವನು, ಬೀದಿಗೆ ಕಲ್ಲು ಹಾಸಿದವನು. ಸ್ವರಲಿಪಿಯನ್ನು ಓದಲೂ ಬರೆಯಲೂ ಅರಿಯದವನು. ಆದರೆ ಕಬ್ಬಿಣವನ್ನು ಬಡಿದ ಆ ಕೈಗಳಿಂದಲೇ ಇಂದು ಲೋಕವೆಲ್ಲ ನುಡಿಸುವ ಕೃತಿಗಳು ಹುಟ್ಟಿದುವು. ೧೯೩೦ರ ದಶಕದಲ್ಲಿ, ಬ್ರೆಜಿಲಿನ ಅತ್ಯಂತ ಪ್ರಸಿದ್ಧ ಸಂಗೀತರಚಯಿತನಾದ ವಿಲ್ಲಾ-ಲೋಬೋಸನು ರಿಯೊ ನಗರದ ಸಂಗೀತಶಿಕ್ಷಣ ಇಲಾಖೆಗೆ ಮುಖ್ಯಸ್ಥನಾಗಿದ್ದಾಗ, ಜ್ವಾಂವ್‌ನಿಗೆ ಅಲ್ಲಿ ಒಂದು ಕೆಲಸವನ್ನು ಕೊಡಿಸಿದನು. ಜವಾನನ ಕೆಲಸ. ಕೊಟ್ಟವನ ಔದಾರ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಅದರಿಂದ ಬಡವನೊಬ್ಬನ ಹೊಟ್ಟೆ ತುಂಬಿತು. ಆದರೆ ಸಂಗೀತವನ್ನು ಕಲಿಸುವ ಇಲಾಖೆಯಲ್ಲಿ ಆ ಕಾಲದ ದೊಡ್ಡ ಗಿಟಾರುವಾದಕನಿಗೆ ದೊರೆತ ಸ್ಥಾನ ಅದು ಎಂಬುದು ವಿಮರ್ಶಕನು ದಾಟಿ ಹೋಗಬಾರದ ಸಂಗತಿ.

ಆತನ ಕೃತಿಗಳಲ್ಲಿ ‘ಸೋನ್ಸ್ ಡಿ ಕರಿಲ್ಯೋಯಿನ್ಸ್’, ಎಂದರೆ ಗಂಟೆಗಳ ನಾದ, ಎಲ್ಲಕ್ಕಿಂತ ಹೆಸರಾದುದು. ಗಿಟಾರಿನ ಆರನೆಯ ತಂತಿಯನ್ನು ವಾಡಿಕೆಯ ಶ್ರುತಿಗಿಂತ ಒಂದು ಸ್ವರದಷ್ಟು ಇಳಿಸಿ ಇದನ್ನು ನುಡಿಸಬೇಕು. ಹಾಗೆ ಸಡಿಲಗೊಂಡ ಮಂದ್ರದ ತಂತಿಯು ತೆರೆದ ಕಂಠದಿಂದ ಮೊಳಗುವಾಗ ಮೇಲಿನ ತಂತಿಗಳ ಗೀತವು ಅದರ ಮೇಲೆ ಹಗುರವಾಗಿ ನಡೆದಾಡುತ್ತದೆ. ಕೃತಿಯು ದೊಡ್ಡದಲ್ಲ, ಎರಡು ಮೂರು ನಿಮಿಷಗಳ ಮಾತು. ಕಲಿಯತೊಡಗಿ ಎರಡು ಮೂರು ವರ್ಷಗಳಾದವನ ಕೈಗೆ ಎಟುಕುವಂತಹುದು. ಆದರೂ ಪಳಗಿದ ವಾದಕನ ಕೈಯಲ್ಲಿ ಅದು ಹೊಳೆಯುವ ಬಗೆಯೇ ಬೇರೆ. ಏಕೆಂದರೆ ಅದರ ಕಷ್ಟವೆಲ್ಲ ಬೆರಳುಗಳ ವೇಗದಲ್ಲಿಲ್ಲ, ಹೆಬ್ಬೆರಳಿನ ನಡೆಯಲ್ಲಿದೆ.

ಈಗ ಯೋಚಿಸಿರಿ: ಬರೆಯಲು ಬಾರದವನ ಕೃತಿಯು ನಮ್ಮ ಕೈಗೆ ಬರೆಹವಾಗಿ ಬಂದುದು ಹೇಗೆ? ೧೯೨೦ರ ದಶಕದಿಂದ ತೊಡಗಿ ಆತನೇ ನುಡಿಸಿದ ಕೆಲವು ಗ್ರಾಮಫೋನು ತಟ್ಟೆಗಳು ಉಳಿದಿವೆ. ಆತನಿಂದ ಕೇಳಿ ಕಲಿತವರ ಕೈಗಳಲ್ಲಿ ಕೆಲವು ಉಳಿದುವು. ಡಿಲೆರ್ಮಾಂಡೊ ರೇಯಿಸ್ (೧೯೧೬–೧೯೭೭) ಎಂಬ ಜನಪ್ರಿಯ ವಾದಕನು ಈ ‘ಗಂಟೆಗಳ ನಾದ’ವನ್ನು ತನ್ನ ರೀತಿಯಲ್ಲಿ ನುಡಿಸಿ ಮನೆಮನೆಗೆ ಮುಟ್ಟಿಸಿದನು. ೧೯೭೦ರ ದಶಕದಲ್ಲಿ ಟುರೀಬಿಯೊ ಸಾಂತೋಸನು ಜ್ವಾಂವ್‌ನ ಕೃತಿಗಳನ್ನು ಸ್ವರಲಿಪಿಗೆ ಇಳಿಸಿ ಪ್ರಕಟಿಸಿದನು. ಆದುದರಿಂದ ಇಂದು ನಮ್ಮ ಮುಂದಿರುವ ಪ್ರತಿಯೊಂದು ಹಾಳೆಯೂ ಇನ್ನೊಬ್ಬನ ಕಿವಿಯ ಸಾಕ್ಷ್ಯ. ನಮ್ಮ ಸಂಗೀತಗಾರರ ಮಾತಿನಲ್ಲಿ ಹೇಳುವುದಾದರೆ, ಒಂದೊಂದೂ ಒಂದು ಪಾಠಾಂತರ. ಇದು ತಿಳಿದ ವಿದ್ಯಾರ್ಥಿಯು ಹಾಳೆಯಲ್ಲಿ ಸಂದೇಹ ಬಂದಾಗ ಹಳೆಯ ತಟ್ಟೆಯ ಬಳಿಗೆ ಹೋಗಿ ಕೇಳುತ್ತಾನೆ. ತಿಳಿಯದವನು ಲಿಪಿಕಾರನು ಇಟ್ಟ ಬೆರಳಿನ ಗುರುತುಗಳನ್ನೇ ಕರ್ತೃವಿನ ಆಜ್ಞೆಯೆಂದು ಭಾವಿಸಿ ಅವುಗಳಿಗೆ ಅಡಿಯಾಳಾಗುತ್ತಾನೆ. ಹೆಸರಿಲ್ಲದ ಹಾಳೆಯಿಂದ ಸಂಗೀತಕ್ಕೇ ನಷ್ಟವೆಂದು ನಾವು ಮೇಲೆ ಹೇಳಿದುದು ಇದಕ್ಕಾಗಿಯೇ.

ಹೆಸರಿನ ವಿಷಯದಲ್ಲಿ ಜ್ವಾಂವ್ ಪಟ್ಟ ಪಾಡು ಇನ್ನೊಂದುಂಟು. ‘ಲುವಾರ್ ದೊ ಸೆರ್ಟಾಂವ್’, ಎಂದರೆ ಒಳನಾಡಿನ ಬೆಳದಿಂಗಳು, ಎಂಬ ಗೀತವು ಬ್ರೆಜಿಲಿನಲ್ಲಿ ಎಲ್ಲರ ಬಾಯಲ್ಲಿಯೂ ಇರುವಂತಹುದು. ೧೯೧೪ರಲ್ಲಿ ಅದು ಪ್ರಚಾರಕ್ಕೆ ಬಂದಾಗ ಕಟುಲೊ ದ ಪೈಶಾಂವ್ ಸಿಯರೆನ್ಸಿ (೧೮೬೩–೧೯೪೬) ಎಂಬ ಕವಿಯ ಹೆಸರಿನಲ್ಲಿ ಬಂದಿತು. ಮಾತು ಕವಿಯದೆಂಬುದರಲ್ಲಿ ವಿವಾದವಿಲ್ಲ. ಆದರೆ ಅದರ ಧಾಟಿಯು ತನ್ನದೆಂದು ಜ್ವಾಂವ್ ಹೇಳಿದನು, ವಿಲ್ಲಾ-ಲೋಬೋಸನೇ ಮೊದಲಾಗಿ ಹಲವರು ಆತನ ಪರವಾಗಿ ನುಡಿದರು. ಕವಿಯು ಮಾತ್ರ ಕೊನೆಯವರೆಗೂ ಎಲ್ಲವೂ ತನ್ನದೆಂದೇ ಹೇಳಿದನು. ಬರೆಯಬಲ್ಲವನ ಹೆಸರು ಉಳಿಯಿತು; ಬರೆಯಲಾರದವನ ಪಾಲಿಗೆ ವಿವಾದ ಉಳಿಯಿತು. ಒಬ್ಬನು ಇನ್ನೊಬ್ಬನಿಗೆ ಪ್ರೀತಿಯಿಂದ ನುಡಿಸಿ ತೋರಿಸಿದ್ದು ಎಲ್ಲಿಗೆ ಹೋಗಿ ಮುಟ್ಟಬಲ್ಲುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಲ್ಲಿ ಒಂದು ಪೂರ್ವಪಕ್ಷವುಂಟು. ಆ ಧಾಟಿಯು ಜ್ವಾಂವ್‌ನಿಗಾದರೂ ಬಂದುದು ಎಲ್ಲಿಂದ? ಅದರ ಮೂಲವು ಈಶಾನ್ಯ ಬ್ರೆಜಿಲಿನ ಜನಪದಗೀತವೊಂದರಲ್ಲಿ ಇದೆಯೆಂದು ಹೇಳುತ್ತಾರೆ. ಹಾಗಾದರೆ ಎಲ್ಲರ ಸೊತ್ತಾದುದಕ್ಕೆ ಒಬ್ಬನ ಹೆಸರೇಕೆ, ನದಿಯ ನೀರಿಗೆ ಒಡೆಯನಾರು ಎಂದು ಕೇಳಬಹುದು. ಈ ಮಾತಿನಲ್ಲಿ ಸತ್ಯವಿದೆ, ಪೂರ್ತಿ ಸತ್ಯವಿಲ್ಲ. ಹೆಸರನ್ನು ಇಡುವುದು ಬೇಲಿಯನ್ನು ಹಾಕುವುದಕ್ಕೆ ಸಮನಲ್ಲ. ನೀರು ಎಲ್ಲರದಾದರೂ ಕೆರೆಯನ್ನು ಕಟ್ಟಿಸಿದವನ ಹೆಸರನ್ನು ನಮ್ಮ ಹಿರಿಯರು ಕಲ್ಲಿನಲ್ಲಿ ಕೆತ್ತಿಸಿದರು; ಅದರಿಂದ ಯಾರಿಗೂ ನೀರು ತಪ್ಪಲಿಲ್ಲ. ಜನಪದದ ಧಾಟಿಯನ್ನು ತೆಗೆದುಕೊಂಡು ಅದಕ್ಕೆ ಆಕಾರವನ್ನು ಕೊಟ್ಟವನ ಹೆಸರನ್ನು ಹೇಳುವುದರಿಂದ ಜನಪದವು ಬಡವಾಗುವುದಿಲ್ಲ. ಬಿಟ್ಟುಬಿಟ್ಟರೆ ಮಾತ್ರ ಒಂದು ನಷ್ಟವುಂಟು: ಹಾಗೆ ಖಾಲಿಯಾದ ಸ್ಥಳದಲ್ಲಿ ಬಲಶಾಲಿಯ ಹೆಸರು ಬಂದು ಕೂರುತ್ತದೆ.

ಇನ್ನು ವಿಲ್ಲಾ-ಲೋಬೋಸನ (೧೮೮೭–೧೯೫೯) ವಿಷಯ. ಶೋರೊ ವಾದಕರ ಕೂಟದಲ್ಲಿ ಗಿಟಾರು ನುಡಿಸಿ ಬೆಳೆದು, ಬಳಿಕ ಪ್ಯಾರಿಸ್ ನಗರದಲ್ಲಿ ಕೀರ್ತಿಯನ್ನು ಪಡೆದ ಈತನಲ್ಲಿ ಬೀದಿಯೂ ಸಭೆಯೂ ಒಂದುಗೂಡಿದುವು. ೧೯೨೦ರಲ್ಲಿ ಬರೆದ ‘ಶೋರೋಸ್’ ಮೊದಲನೆಯ ಸಂಖ್ಯೆಯನ್ನು ಆತನು ಪಿಯಾನೊ ರಚಯಿತನಾದ ಅರ್ನೆಸ್ಟೊ ನಜರೆಯಲ್ಲಿಗೆ (೧೮೬೩–೧೯೩೪) ಅರ್ಪಿಸಿದನು. ಅದರ ಆರಂಭದ ಮೂರು ಸ್ವರಗಳನ್ನು ನೋಡಿರಿ: ಒಂದೊಂದರ ಮೇಲೂ ನಿಲುಗಡೆಯ ಗುರುತು. ವಾದಕನು ಮೂರು ಹೆಜ್ಜೆಗಳನ್ನು ತಡೆತಡೆದು ಇಟ್ಟು, ಆಮೇಲೆ ಒಮ್ಮೆಗೇ ಕುಣಿತಕ್ಕೆ ಇಳಿಯುವಂತೆ ಅದು ಕೇಳಿಸುತ್ತದೆ. ಬೀದಿಯ ವಾದಕನ ಬಿಂಕವನ್ನು ಕಾಗದದ ಮೇಲೆ ಹಿಡಿಯುವ ಪ್ರಯತ್ನವಿದು. ಎಷ್ಟು ಹೊತ್ತು ತಡೆಯಬೇಕೆಂಬುದನ್ನು ಮಾತ್ರ ಆ ಗುರುತು ಹೇಳಲಾರದು. ಆತನೇ ಗಿಟಾರಿನಲ್ಲಿ ಇದನ್ನು ನುಡಿಸಿದ ಧ್ವನಿಮುದ್ರಣವು ಉಳಿದಿರುವುದು ನಮ್ಮ ಪುಣ್ಯ. ಕಲಿಯುವವರು ಹಾಳೆಯನ್ನು ಹಂಚಿಕೊಳ್ಳುವಾಗ ಅದನ್ನೂ ಕೇಳಿರೆಂದು ಹೇಳದಿದ್ದರೆ ಅರ್ಧವನ್ನೇ ಕೊಟ್ಟಂತೆ.

ಬರೆಯಬಲ್ಲವನ ಕೃತಿಗೆ ಪಾಠಾಂತರವಿಲ್ಲವೆಂದು ತಿಳಿಯುವುದೂ ಸರಿಯಲ್ಲ. ಸ್ಪೇನಿನ ಸುಪ್ರಸಿದ್ಧ ವಾದಕನಾದ ಸೆಗೋವಿಯನಿಗೆ ಅರ್ಪಿತವಾದ ಹನ್ನೆರಡು ಅಭ್ಯಾಸಕೃತಿಗಳು ೧೯೨೦ರ ದಶಕದ ಕೊನೆಯಲ್ಲಿ ಸಿದ್ಧವಾದರೂ ಅಚ್ಚಾದುದು ೧೯೫೩ರಲ್ಲಿ. ಅವುಗಳಿಗೆ ೧೯೨೮ರ ಒಂದು ಹಸ್ತಪ್ರತಿಯುಂಟು. ಅದರಲ್ಲಿ ಅಚ್ಚಿನಲ್ಲಿಲ್ಲದ ಬೆರಳಿನ ಗುರುತುಗಳಿವೆ, ಹತ್ತನೆಯ ಕೃತಿಯಲ್ಲಿ ಅಚ್ಚಿನಿಂದ ಬಿಟ್ಟುಹೋದ ಒಂದು ಭಾಗವೇ ಇದೆ. ಹನ್ನೆರಡನ್ನೂ ಒಟ್ಟಾಗಿ ಟುರೀಬಿಯೊ ಸಾಂತೋಸನು ಮೊದಲು ನುಡಿಸಿದುದು ೧೯೬೩ರಲ್ಲಿ, ಕರ್ತೃವು ತೀರಿಹೋಗಿ ನಾಲ್ಕು ವರ್ಷಗಳಾದ ಮೇಲೆ. ಹೀಗಿರುವಲ್ಲಿ ಅಚ್ಚಾದ ಪುಟವೇ ಪ್ರಮಾಣವೆಂದು ಹಟಹಿಡಿಯುವುದಕ್ಕೆ ಆಧಾರವೆಲ್ಲಿ?

ಈ ಮಹನೀಯನ ಕೃತಿಗಳಲ್ಲಿ ನಮಗೆ ಒಂದು ಕೊರತೆ ಕಾಣುತ್ತದೆ. ೧೯೪೦ರ ಐದು ಪ್ರಿಲ್ಯೂಡ್‌ಗಳನ್ನು ಆತನು ತನ್ನ ಸಹಚಾರಿಣಿಯಾದ ಮಿಂಡಿಞಳಿಗೆ ಅರ್ಪಿಸಿದನು. ಅಲ್ಲದೆ ಒಂದೊಂದನ್ನೂ ಒಂದೊಂದಕ್ಕೆ ನಮನವೆಂದು ಸೂಚಿಸಿದನು: ಮೊದಲನೆಯದು ಒಳನಾಡಿನ ಹಳ್ಳಿಗನಿಗೆ, ಎರಡನೆಯದು ರಿಯೊ ನಗರದ ಪೋಕರಿಗೆ, ಮೂರನೆಯದು ಬಾಖ್‌ನಿಗೆ, ನಾಲ್ಕನೆಯದು ಬ್ರೆಜಿಲಿನ ಮೂಲನಿವಾಸಿಗೆ, ಐದನೆಯದು ನಗರದ ತರುಣತರುಣಿಯರ ಸಾಮಾಜಿಕ ಜೀವನಕ್ಕೆ. ಐದೂ ಗಿಟಾರಿನ ಹೃದಯವನ್ನು ಬಲ್ಲವನ ಕೃತಿಗಳೆಂಬುದರಲ್ಲಿ ಸಂದೇಹವಿಲ್ಲ. ಮೊದಲನೆಯದರಲ್ಲಿ ಗೀತವನ್ನು ಮಂದ್ರದ ತಂತಿಗಳಿಗೆ ಒಪ್ಪಿಸಿ, ಮೇಲಿನ ತಂತಿಗಳನ್ನು ಜೊತೆಗೊಟ್ಟು ನಿಲ್ಲಿಸಿರುವ ರೀತಿಯು ಆ ವಾದ್ಯಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ನಮನವನ್ನು ಪಡೆದ ಐವರಲ್ಲಿ ಹೆಸರುಳ್ಳವನು ಒಬ್ಬನೇ, ಜರ್ಮನಿಯ ಬಾಖ್. ಉಳಿದವರೆಲ್ಲ ಜಾತಿವಾಚಕಗಳು. ಹಳ್ಳಿಗನಿಗೆ ನಮನವುಂಟು, ಹಳ್ಳಿಯ ಸಂಗೀತವನ್ನು ರಿಯೊ ನಗರಕ್ಕೆ ತಂದ ಜ್ವಾಂವ್ ಎಂಬವನಿಗೆ ಇಲ್ಲ. ನಜರೆಯ ಹೆಸರನ್ನು ಹಿಂದೆ ಬರೆದ ಲೇಖನಿಗೆ ಇದು ಅಸಾಧ್ಯವಾಗಿರಲಿಲ್ಲ. ಯಾರಿಗೆ ನಮಿಸಬೇಕೆಂಬುದು ಕರ್ತೃವಿನ ಇಷ್ಟ. ಅದನ್ನು ದೋಷವೆಂದು ನಾವು ಕರೆಯೆವು. ಆದರೆ ಒಂದು ಕಾಲದ ಮನಸ್ಸು ಇದರಲ್ಲಿ ಕಾಣುತ್ತದೆ: ಜನರನ್ನು ಗೌರವಿಸುವುದು ಸುಲಭ, ಜನರಲ್ಲಿ ಒಬ್ಬನನ್ನು ಹೆಸರಿಟ್ಟು ಕರೆಯುವುದು ಕಷ್ಟ.

ಕೊಡುಕೊಳೆಯು ಹೆಸರನ್ನು ಅಳಿಸಿಯೇ ತೀರಬೇಕೆಂಬ ವಿಧಿಯಿಲ್ಲ ಎಂಬುದಕ್ಕೆ ಗರೋಟೊನ ಕಥೆ ಸಾಕ್ಷಿ. ಅನಿಬಾಲ್ ಅಗುಸ್ಟೊ ಸರ್ಡಿಞ (೧೯೧೫–೧೯೫೫) ಎಂಬ ಈತನಿಗೆ ‘ಹುಡುಗ’ ಎಂಬರ್ಥದ ಗರೋಟೊ ಎಂಬುದು ಅಡ್ಡಹೆಸರು. ಆಕಾಶವಾಣಿಗಾಗಿಯೂ ಅನ್ಯರ ತಟ್ಟೆಗಳಿಗಾಗಿಯೂ ದುಡಿದ ಈತನು ನಲವತ್ತು ತುಂಬುವ ಮೊದಲೇ ತೀರಿಕೊಂಡನು. ಗಿಟಾರಿಗಾಗಿ ರಚಿಸಿದ ಕೃತಿಗಳಲ್ಲಿ ಬಹಳಷ್ಟು ಆತನ ಜೀವಿತಕಾಲದಲ್ಲಿ ಅಚ್ಚಾಗಲಿಲ್ಲ. ಅವು ಉಳಿದುದು ಗೆಳೆಯರೂ ಅಭಿಮಾನಿಗಳೂ ಖಾಸಗಿಯಾಗಿ ಮಾಡಿಕೊಂಡ ಧ್ವನಿಮುದ್ರಣಗಳಿಂದ, ಕೈಬರೆಹದ ಹಾಳೆಗಳಿಂದ. ಪೌಲೊ ಬೆಲ್ಲಿನಾಟಿ ಎಂಬ ವಾದಕನು ಇವನ್ನು ಕೂಡಿಸಿ, ಕಿವಿಗೊಟ್ಟು ಕೇಳಿ, ಸ್ವರಲಿಪಿಗೆ ಇಳಿಸಿ ೧೯೯೧ರಲ್ಲಿ ಎರಡು ಸಂಪುಟಗಳಾಗಿ ಹೊರತಂದನು. ‘ಲಮೆಂಟೋಸ್ ದೊ ಮೊರ‍್ರೊ’ ಎಂಬ ಕೃತಿಯು ಇಂದು ಸಭೆಗಳಲ್ಲಿ ಕೇಳಿಬರುವುದು ಇದರಿಂದಾಗಿ. ಇಲ್ಲಿಯೂ ನಡೆದುದು ಕೈಯಿಂದ ಕೈಗೆ ದಾಟುವ ಕೆಲಸವೇ. ಆದರೆ ದಾಟಿಸಿದವರು ಹೆಸರನ್ನು ಬಿಡಲಿಲ್ಲ, ಲಿಪಿಗೆ ಇಳಿಸಿದವನು ತನ್ನ ಪಾತ್ರವನ್ನೂ ಮರೆಮಾಚಲಿಲ್ಲ. ಯಾವುದು ಕರ್ತೃವಿನದು, ಯಾವುದು ಲಿಪಿಕಾರನದು ಎಂದು ಓದುಗನು ಬೇರ್ಪಡಿಸಿ ನೋಡಬಹುದು.

ಬ್ರೆಜಿಲಿನ ಹೊರಗೂ ಈ ನಡೆಯನ್ನು ಎರವಲು ತಂದವರುಂಟು. ಅರ್ಜೆಂಟೀನದ ಹೊರ್ಹೆ ಮೊರೆಲನು (೧೯೩೧–೨೦೨೧) ತನ್ನ ಕೃತಿಗೆ ‘ದಾನ್ಸ ಬ್ರಸಿಲೇರ’ ಎಂದು ಹೆಸರಿಟ್ಟು ಸಾಲ ಯಾವ ದೇಶದ್ದೆಂದು ಶೀರ್ಷಿಕೆಯಲ್ಲಿಯೇ ಒಪ್ಪಿಕೊಂಡನು. ಫ್ರಾನ್ಸಿನ ರೋಲಾಂ ಡಿಯೆನ್ಸನು (೧೯೫೫–೨೦೧೬) ‘ವಿಲ್ಲಾ-ಲೋಬೋಸನಿಗೆ ನಮನ’ ಎಂಬ ಕೃತಿಗುಚ್ಛವನ್ನೇ ಬರೆದನು. ಅದರ ಕೊನೆಯ ಭಾಗಕ್ಕೆ ಆ ಗುರುವಿನ ಬಾಲ್ಯದ ಮುದ್ದಿನ ಹೆಸರು. ಹೆಸರಿಲ್ಲದ ಗಾಳಿಯಲ್ಲಿ ತೇಲಿಬಂದುದೆಂಬಂತೆ ನಟಿಸದೆ, ಇಂತಹವನಿಂದ ಪಡೆದೆನೆಂದು ಹೇಳಿದುದರಿಂದ ಈ ಕೃತಿಗಳ ಸ್ವಂತಿಕೆಗೆ ಕುಂದೇನೂ ಬರಲಿಲ್ಲ. ಮಾತಿಲ್ಲದ ಸಂಗೀತಕ್ಕೆ ಶೀರ್ಷಿಕೆಯೇ ಅಂಕಿತವಾಗಬಲ್ಲುದೆಂಬುದನ್ನು ಇವು ತೋರಿಸುತ್ತವೆ.

೧೯೪೭ನೆಯ ಇಸವಿಯಲ್ಲಿ ಜ್ವಾಂವ್ ತೀರಿಕೊಂಡನು. ಅದೇ ವರ್ಷ ಸಾವೊ ಪೌಲೊ ನಗರದ ಸಂಗೀತಶಾಲೆಯಲ್ಲಿ, ಉರುಗ್ವೆಯಲ್ಲಿ ಹುಟ್ಟಿ ಬ್ರೆಜಿಲಿನಲ್ಲಿ ನೆಲೆಸಿದ ಇಸಾಯಸ್ ಸಾವಿಯೊ (೧೯೦೦–೧೯೭೭) ಗಿಟಾರಿನ ಪಾಠಕ್ರಮವನ್ನು ಆರಂಭಿಸಿದನು. ನಾಚಿಕೆಯ ವಾದ್ಯವು ಶಾಲೆಯ ವಾದ್ಯವಾಯಿತು. ೨೦೨೪ರಲ್ಲಿ ಬ್ರೆಜಿಲ್ ಸರಕಾರವು ಶೋರೊವನ್ನು ದೇಶದ ಅಮೂರ್ತ ಸಾಂಸ್ಕೃತಿಕ ಪರಂಪರೆಯೆಂದು ಅಂಗೀಕರಿಸಿತು. ಇದು ಸಂತೋಷದ ಸಂಗತಿಯೇ. ಆದರೆ ಸರಕಾರದ ಅಂಗೀಕಾರವು ಪ್ರಕಾರಕ್ಕೆ ಸಲ್ಲುವುದು. ವ್ಯಕ್ತಿಗೆ ಸಲ್ಲಬೇಕಾದುದನ್ನು ಸಲ್ಲಿಸುವ ಹೊಣೆ ನುಡಿಸುವವರ ಮೇಲೆಯೇ ಇದೆ.

ಆ ಹೊಣೆಯೇನೂ ಭಾರವಾದುದಲ್ಲ. ಒಡನಾಡಿಗೆ ಹಾಳೆಯನ್ನು ಕೊಡುವಾಗ ಅದರ ನೆತ್ತಿಯ ಮೇಲೆ ಮೂರು ಸಂಗತಿಗಳನ್ನು ಬರೆಯಬೇಕು: ರಚಿಸಿದವನು ಯಾರು, ಲಿಪಿಗೆ ಇಳಿಸಿದವನು ಯಾರು, ಇಳಿಸಿದುದು ಯಾವ ತಟ್ಟೆಯಿಂದ ಅಥವಾ ಯಾರ ಕೈಯಿಂದ. ಬೆರಳಿನ ಗುರುತನ್ನು ತಾನು ತಿದ್ದಿದ್ದರೆ ಅದನ್ನೂ ಹೇಳಬೇಕು. ಸಭೆಯಲ್ಲಿ ನುಡಿಸುವವನು ಕುಳಿತೊಡನೆ ತಂತಿಯನ್ನು ಮೀಟದೆ, ಇದು ಜ್ವಾಂವ್ ಪೆರ್ನಂಬುಕೊ ಎಂಬ ಕಮ್ಮಾರನ ಕೃತಿ ಎಂದು ಒಂದು ಮಾತು ಹೇಳಬೇಕು. ಇಷ್ಟನ್ನು ಮಾಡಿದರೆ ಹಾಳೆಯು ಎಷ್ಟು ಕೈಗಳನ್ನು ದಾಟಿದರೂ ದಾರಿ ತಪ್ಪುವುದಿಲ್ಲ. ಸಂದೇಹ ಬಂದವನು ಹಿಂದಿರುಗಿ ಮೂಲವನ್ನು ಮುಟ್ಟಬಹುದು. ದಾಸರ ಪದದಲ್ಲಿ ಅಂಕಿತವನ್ನು ಕರ್ತೃವೇ ಇಟ್ಟನು. ಈ ನಾದದಲ್ಲಿ ಅದನ್ನು ಇಡಬೇಕಾದವರು ನುಡಿಸುವವರು. ಗಿಟಾರನ್ನು ಕಲಿಯುವ ನಮ್ಮ ತರುಣರು ಹೊಸ ಕೃತಿಯೊಂದನ್ನು ಕೈಗೆತ್ತಿಕೊಳ್ಳುವಾಗ ಶ್ರುತಿಯನ್ನು ಸರಿಮಾಡಿಕೊಳ್ಳುವಷ್ಟೇ ಎಚ್ಚರದಿಂದ ಇದನ್ನೂ ಪಾಲಿಸಲೆಂದು ನಾವು ಹಾರೈಸುತ್ತೇವೆ.